ಮೊಡವೆಯಿಂದ ಸುಕ್ಕಿನವರೆಗೆ: ರೆಟಿನಾಯ್ಡ್ ಔಷಧಗಳ ತೌಲನಿಕ ಚರಿತ್ರೆ

ಹದಿಹರೆಯದ ಮೊಡವೆಗೂ ನಡುವಯಸ್ಸು ದಾಟಿದವರ ಸುಕ್ಕಿಗೂ ಚರ್ಮವೈದ್ಯರು ಒಂದೇ ವರ್ಗದ ಔಷಧವನ್ನು ಬರೆದುಕೊಡುವುದುಂಟು. ಟ್ರೆಟಿನಾಯಿನ್, ಅಡಾಪಲೀನ್, ಟಜರೊಟೀನ್ ಎಂಬ ಈ ಮುಲಾಮುಗಳೆಲ್ಲ ಎ ಜೀವಸತ್ವದ ಬಳಗಕ್ಕೆ ಸೇರಿದವು. ಒಟ್ಟಾಗಿ ಇವನ್ನು ರೆಟಿನಾಯ್ಡ್‌ಗಳೆನ್ನುತ್ತಾರೆ. ಇವುಗಳಲ್ಲಿ ಯಾವುದು ಹೆಚ್ಚು ಬಲವಾದದ್ದು ಎಂದು ಬಳಸುವವರು ಕೇಳುತ್ತಾರೆ. ಆದರೆ ಶತಮಾನದ ಚರಿತ್ರೆಯನ್ನು ಗಮನಿಸಿದರೆ, ಒಂದರ ನಂತರ ಇನ್ನೊಂದು ಬಂದದ್ದು ಬಹುಮಟ್ಟಿಗೆ ಉರಿ ತಗ್ಗಿಸುವ ಹುಡುಕಾಟದಿಂದ ಎಂಬುದು ಈ ಲೇಖನದ ವಾದ.

ಆಹಾರದಿಂದ ಔಷಧಕ್ಕೆ

ಬೆಣ್ಣೆ ಮತ್ತು ಮೊಟ್ಟೆಯ ಹಳದಿಯ ಕೊಬ್ಬಿನಲ್ಲಿ ಬೆಳವಣಿಗೆಗೆ ಬೇಕಾದ ಅಂಶವೊಂದಿದೆ ಎಂದು ಎಲ್ಮರ್ ಮೆಕಾಲಮ್ ಮತ್ತು ಮಾರ್ಗರೇಟ್ ಡೇವಿಸ್ 1913ರಲ್ಲಿ ತೋರಿಸಿದರು. ಆ ಅಂಶ ಸಿಗದ ಇಲಿಗಳಲ್ಲಿ ಗ್ರಂಥಿ ಮತ್ತು ನಾಳಗಳ ಒಳಪದರ ಒರಟಾಗಿ ಗಡುಸಾಗುತ್ತದೆ ಎಂಬುದನ್ನು 1925ರಲ್ಲಿ ವೊಲ್‌ಬಾಕ್ ಮತ್ತು ಹೋವ್ ಕಂಡುಕೊಂಡರು. 1931ರಲ್ಲಿ ಪಾಲ್ ಕಾರರ್ ಎ ಜೀವಸತ್ವದ ರಚನೆಯನ್ನು ಬಿಡಿಸಿಟ್ಟರು. ಕೊರತೆಯಿಂದ ಚರ್ಮ ಒರಟಾಗುವುದಾದರೆ ಪೂರೈಕೆಯಿಂದ ನಯವಾಗಬೇಕಲ್ಲವೇ ಎಂಬ ತರ್ಕದಲ್ಲಿ 1940ರ ದಶಕದ ವೈದ್ಯರು ಮೊಡವೆಗೆ ಭಾರೀ ಪ್ರಮಾಣದ ಎ ಜೀವಸತ್ವವನ್ನು ನುಂಗಿಸಿ ನೋಡಿದರು. ಆದರೆ ಅಷ್ಟು ಪ್ರಮಾಣ ದೇಹಕ್ಕೆ ವಿಷವೇ ಸರಿ. ಹೊರಗಿನಿಂದ ಹಚ್ಚುವ ದಾರಿ ತೆರೆದದ್ದು 1946ರಲ್ಲಿ ಡಚ್ ರಸಾಯನವಿಜ್ಞಾನಿಗಳಾದ ಆರೆನ್ಸ್ ಮತ್ತು ವಾನ್ ಡಾರ್ಪ್ ಎ ಜೀವಸತ್ವದ ಆಮ್ಲವನ್ನು ತಯಾರಿಸಿದ ಮೇಲೆ. ಇಂದಿನ ಟ್ರೆಟಿನಾಯಿನ್ ಇದೇ.

ಮೊಡವೆ: ಬೇಗ ಸಿಕ್ಕ ಪುರಾವೆ

1962ರಲ್ಲಿ ಜರ್ಮನಿಯ ಸ್ಟಟ್‌ಗೆನ್ ಈ ಆಮ್ಲವನ್ನು ಚರ್ಮ ದಪ್ಪಗಟ್ಟುವ ರೋಗಗಳಿಗೆ ಹಚ್ಚಿ ನೋಡಿದರು. ಮೊಡವೆಗೆ ಇದನ್ನು ನೆಲೆಗೊಳಿಸಿದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್, ಫುಲ್ಟನ್ ಮತ್ತು ಪ್ಲೆವಿಗ್. ಅವರ ಪ್ರಬಂಧ 1969ರಲ್ಲಿ ಪ್ರಕಟವಾಯಿತು. ರೋಮಕೂಪದ ಒಳಗೋಡೆಯ ಕೋಶಗಳು ಉದುರಿ ಹೊರಬರದೆ ಎಣ್ಣೆಯಂಶದೊಂದಿಗೆ ಗಂಟುಕಟ್ಟುವುದೇ ಮೊಡವೆಯ ಆರಂಭ. ಟ್ರೆಟಿನಾಯಿನ್ ಆ ಗಂಟನ್ನು ಸಡಿಲಿಸಿತು, ಹೊಸದು ಕಟ್ಟದಂತೆ ತಡೆಯಿತು. 1971ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಅನುಮತಿ ನೀಡಿತು.

ಈ ಸಾಧನೆಯ ಹಿಂದೆ ಕಳಂಕವೂ ಇದೆ. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಕಾರಾಗೃಹದ ಕೈದಿಗಳ ಮೇಲೆ ಕ್ಲಿಗ್‌ಮನ್ 1951ರಿಂದ 1974ರವರೆಗೆ ಹಲವಾರು ಪ್ರಯೋಗಗಳನ್ನು ನಡೆಸಿದ್ದರು. ಆ ಕೈದಿಗಳಲ್ಲಿ ಬಹುಪಾಲು ಕಪ್ಪು ಜನ. 2022ರಲ್ಲಿ ಫಿಲಡೆಲ್ಫಿಯಾ ನಗರಾಡಳಿತ ಅಧಿಕೃತವಾಗಿ ಕ್ಷಮೆ ಕೋರಿತು. ರೆಟಿನಾಯ್ಡ್ ಚರಿತ್ರೆಯನ್ನು ಬರೆಯುವವರು ಈ ಅಧ್ಯಾಯವನ್ನು ಅಡಿಟಿಪ್ಪಣಿಗೆ ತಳ್ಳುವಂತಿಲ್ಲ.

ತೀವ್ರ ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಬಂದದ್ದು 1982ರಲ್ಲಿ. ಗ್ಯಾರಿ ಪೆಕ್ ಮತ್ತು ಸಂಗಡಿಗರ 1979ರ ಅಧ್ಯಯನದಲ್ಲಿ 14 ರೋಗಿಗಳ ಪೈಕಿ 13 ಮಂದಿಯ ಮೊಡವೆ ಪೂರ್ಣ ವಾಸಿಯಾಗಿತ್ತು. ಆದರೆ ಗರ್ಭಿಣಿಯರು ಸೇವಿಸಿದರೆ ಶಿಶುವಿಗೆ ಗಂಭೀರ ಅಂಗವೈಕಲ್ಯ ಉಂಟಾಗುತ್ತದೆ ಎಂಬುದು ಒಂದೆರಡು ವರ್ಷಗಳಲ್ಲೇ ರೋಗಿಗಳಲ್ಲಿ ಕಂಡುಬಂತು. ಆದ್ದರಿಂದ ಈ ಗುಳಿಗೆಯನ್ನು ಮುಲಾಮುಗಳೊಂದಿಗೆ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು.

ಸುಕ್ಕು: ನಿಧಾನವಾಗಿ ಬಂದ ಪುರಾವೆ

ಮೊಡವೆಗೆಂದು ಟ್ರೆಟಿನಾಯಿನ್ ಹಚ್ಚುತ್ತಿದ್ದ ನಡುವಯಸ್ಸಿನ ಮಹಿಳೆಯರು ಚರ್ಮ ನಯವಾಯಿತು, ಸುಕ್ಕು ಇಳಿಯಿತು ಎಂದು ಹೇಳತೊಡಗಿದರು. ಈ ಜಾಡನ್ನು ಹಿಡಿದು ಕ್ಲಿಗ್‌ಮನ್ 1986ರಲ್ಲಿ ಬಿಸಿಲಿಗೆ ಮುಪ್ಪಾದ ಚರ್ಮದ ಮೇಲಿನ ಪ್ರಬಂಧ ಪ್ರಕಟಿಸಿದರು. 1988ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈಸ್, ವೂರ್‌ಹೀಸ್ ಮತ್ತಿತರರು 30 ಜನರಲ್ಲಿ 16 ವಾರ ಶೇ. 0.1ರ ಕ್ರೀಮನ್ನು ಔಷಧವಿಲ್ಲದ ಕ್ರೀಮಿನೊಂದಿಗೆ ಹೋಲಿಸಿ ಗುಣ ಕಂಡರು. 1993ರಲ್ಲಿ ಗ್ರಿಫಿತ್ಸ್ ತಂಡ ಒಳಗಿನ ಕಾರಣವನ್ನು ತೋರಿಸಿತು: ಔಷಧ ಹಚ್ಚಿದ ಚರ್ಮದಲ್ಲಿ ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನಾದ ಒಂದನೆಯ ಬಗೆಯ ಕೊಲ್ಯಾಜನ್ ತಯಾರಿ ಶೇ. 80ರಷ್ಟು ಏರಿತ್ತು, ಬರೀ ಕ್ರೀಮು ಹಚ್ಚಿದವರಲ್ಲಿ ಶೇ. 14ರಷ್ಟು ಇಳಿದಿತ್ತು. ಸುಕ್ಕಿಗೆ ಅನುಮತಿ ಸಿಕ್ಕಿದ್ದು 1995ರಲ್ಲಿ, ಮೊಡವೆಯ ಅನುಮತಿಯಾಗಿ 24 ವರ್ಷಗಳ ಮೇಲೆ.

ಹೊಸ ತಲೆಮಾರು

ಟ್ರೆಟಿನಾಯಿನ್‌ನ ಕುಂದುಗಳು ಎಲ್ಲರಿಗೂ ಗೊತ್ತಿದ್ದವು. ಮೊದಲ ವಾರಗಳಲ್ಲಿ ಉರಿ, ಕೆಂಪು, ಸಿಪ್ಪೆ ಏಳುವುದು. ಬೆಳಕಿಗೆ ಕೆಡುವ ಗುಣ. 1987ರಲ್ಲಿ ಷಾಂಬೊನ್ ಮತ್ತು ಇವಾನ್ಸ್ ಅವರ ಪ್ರಯೋಗಾಲಯಗಳು ರೆಟಿನಾಯಿಕ್ ಆಮ್ಲ, ಅಂದರೆ ಟ್ರೆಟಿನಾಯಿನ್, ಕೋಶದೊಳಗೆ ಅಂಟಿಕೊಳ್ಳುವ ಗ್ರಾಹಕವನ್ನು ಪ್ರತ್ಯೇಕವಾಗಿ ಪತ್ತೆಹಚ್ಚಿದ್ದರಿಂದ, ಆಯ್ದ ಗ್ರಾಹಕಕ್ಕಷ್ಟೇ ಹೊಂದುವ ಅಣುಗಳನ್ನು ರೂಪಿಸುವುದು ಸಾಧ್ಯವಾಯಿತು. 1996ರಲ್ಲಿ ಅಡಾಪಲೀನ್, 1997ರಲ್ಲಿ ಟಜರೊಟೀನ್, 2019ರಲ್ಲಿ ಟ್ರೈಫರೊಟೀನ್ ಅಮೆರಿಕದ ಅನುಮತಿ ಪಡೆದವು.

ಅಡಾಪಲೀನ್ ಬೆಳಕಿಗೆ ಕೆಡದು. 1998ರಲ್ಲಿ ಕನ್‌ಲಿಫ್ ಮತ್ತಿತರರು 5 ಪ್ರಯೋಗಗಳ 900 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶೇ. 0.1ರ ಅಡಾಪಲೀನ್ ಮೊಡವೆಯ ಮೇಲೆ ಶೇ. 0.025ರ ಟ್ರೆಟಿನಾಯಿನ್‌ಗೆ ಸಮವಾಗಿತ್ತು, ಉರಿ ಮಾತ್ರ ಕಡಿಮೆ. 2016ರಿಂದ ಅಮೆರಿಕದಲ್ಲಿ ಇದು ವೈದ್ಯರ ಚೀಟಿಯಿಲ್ಲದೆಯೇ ಸಿಗುತ್ತದೆ. ಸುಕ್ಕಿನ ವಿಷಯದಲ್ಲಿ ಬ್ರೆಜಿಲ್‌ನ ಬಗಾಟಿನ್ ಮತ್ತಿತರರ 2018ರ ಅಧ್ಯಯನ ಶೇ. 0.3ರ ಅಡಾಪಲೀನ್ ಅನ್ನು ಶೇ. 0.05ರ ಟ್ರೆಟಿನಾಯಿನ್‌ಗೆ ಸಾಟಿಯೆಂದಿತು. ಆದರೂ ದಶಕಗಳ ಪುರಾವೆಯ ಬಲ ಟ್ರೆಟಿನಾಯಿನ್‌ಗೇ ಇದೆ. ಟಜರೊಟೀನ್ ಎರಡೂ ತೊಂದರೆಗಳಿಗೆ ಅನುಮತಿ ಪಡೆದ ಚುರುಕಿನ ಔಷಧ. ಉರಿಯೂ ಹೆಚ್ಚು, ಗರ್ಭಿಣಿಯರಿಗೆ ನಿಷಿದ್ಧ.

ನಮ್ಮಲ್ಲಿ ಆದದ್ದು

ಕ್ಲಿಗ್‌ಮನ್ ಮತ್ತು ವಿಲ್ಲಿಸ್ 1975ರಲ್ಲಿ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮತ್ತು ಸ್ಟಿರಾಯ್ಡ್ ಬೆರೆಸಿದ ಮುಲಾಮನ್ನು ಚರ್ಮದ ಬಣ್ಣ ತಿಳಿಗೊಳಿಸಲು ಸೂಚಿಸಿದ್ದರು. ಮುಖದ ಕಂದು ಕಲೆಯಾದ ಬಂಗಿಗೆ ಅಲ್ಪಕಾಲ ಹಚ್ಚಬೇಕಾದ ಇಂಥ ಮಿಶ್ರಣಗಳು ಭಾರತದಲ್ಲಿ ಬಿಳಿಯಾಗುವ ಕ್ರೀಮಿನಂತೆ ಕೈಯಿಂದ ಕೈಗೆ ಹರಡಿದವು. ದೇಶದ 12 ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಖದ ಚರ್ಮದ ತೊಂದರೆಯಿಂದ ಬಂದ 2,926 ರೋಗಿಗಳ ಪೈಕಿ 433 ಮಂದಿ ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿ ಕಡ್ಡಾಯವಾದ ಎಚ್ ಪಟ್ಟಿಯ ನಿರ್ಬಂಧಕ್ಕೆ ಒಳಪಡಿಸಿತು. ಕಂದು ಚರ್ಮದಲ್ಲಿ ಉರಿಯೂತ ಕಪ್ಪು ಕಲೆಯನ್ನು ಉಳಿಸಿ ಹೋಗುವುದರಿಂದ, ಇಲ್ಲಿ ಸಹನೀಯತೆಯ ಪ್ರಶ್ನೆ ಇನ್ನಷ್ಟು ಮುಖ್ಯ.

ಸಮಾರೋಪ

ಮೊಡವೆಗೆ ಅಡಾಪಲೀನ್‌ನಿಂದ ಆರಂಭಿಸುವುದಕ್ಕೂ ಬಿಸಿಲಿನ ಸುಕ್ಕಿಗೆ ಟ್ರೆಟಿನಾಯಿನ್ ಆರಿಸುವುದಕ್ಕೂ ಚರಿತ್ರೆಯ ಸಮರ್ಥನೆಯಿದೆ. ತಿಂಗಳುಗಟ್ಟಲೆ ಹಚ್ಚಿದರಷ್ಟೇ ಫಲ ಕೊಡುವ ಔಷಧವಿದು. ಉರಿಗೆ ಹೆದರಿ ಮೂರನೆಯ ವಾರಕ್ಕೇ ಬಿಟ್ಟರೆ ಎಷ್ಟೇ ಚುರುಕಿನದಾದರೂ ವ್ಯರ್ಥ. ಗರ್ಭಧಾರಣೆಯ ಯೋಚನೆಯಿದ್ದವರು ಯಾವ ರೆಟಿನಾಯ್ಡನ್ನೂ ವೈದ್ಯರನ್ನು ಕೇಳದೆ ಬಳಸಬಾರದು. ಬಳಸುವವರು ಹಗಲಲ್ಲಿ ಬಿಸಿಲಿನಿಂದ ಚರ್ಮವನ್ನು ಕಾಪಾಡಿಕೊಳ್ಳಬೇಕು.