ಹೆಸರಿನಲ್ಲಿಲ್ಲದ ಬಂದರು

ಕ್ಲೋದ್ ಮೊನೆಯ ‘ಇಂಪ್ರೆಷನ್, ಸನ್‌ರೈಸ್’ ಚಿತ್ರವನ್ನು ಪುಸ್ತಕದಲ್ಲೋ ಕ್ಯಾಲೆಂಡರಿನಲ್ಲೋ ಕಂಡವರಿಗೆ ಮೊದಲು ನೆನಪಾಗುವುದು ಕಿತ್ತಳೆ ಬಣ್ಣದ ಸೂರ್ಯ. ಬೂದು ನೀಲಿ ಮಬ್ಬಿನಲ್ಲಿ ಒಂದು ದುಂಡು ಚುಕ್ಕೆ, ನೀರಿನಲ್ಲಿ ಅದರ ನಾಲ್ಕಾರು ಗೀಟುಗಳು, ಮುಂದೆ ಕಪ್ಪಗೆ ಒಂದು ಪುಟ್ಟ ದೋಣಿ. ಇದು ಯಾವ ಊರು ಎಂದು ಕೇಳಿದರೆ ತಡವರಿಸುತ್ತೇವೆ. ತಪ್ಪು ನಮ್ಮದಲ್ಲ, ಊರಿನ ಹೆಸರು ಬಿಟ್ಟವನು ಮೊನೆಯೇ.

ಊರು ಲೆ ಹಾವ್ರ್. ಸೇನ್ ನದಿ ಸಮುದ್ರ ಸೇರುವಲ್ಲಿರುವ ದೊಡ್ಡ ಬಂದರು, ಮೊನೆ ಬೆಳೆದ ಜಾಗ. ಪ್ರಷ್ಯದೆದುರು ಫ್ರಾನ್ಸ್ ಸೋತು ಹೆಚ್ಚು ದಿನವಾಗಿರಲಿಲ್ಲ. ಆಗ ಅವನು ಹೋಟೆಲಿನ ಕಿಟಕಿಯಿಂದ ಕಂಡದ್ದು ಕನಸಿನ ಕಡಲನ್ನಲ್ಲ, ಬೆಳ್ಳಂಬೆಳಿಗ್ಗೆ ದುಡಿಮೆಗೆ ಇಳಿದ ಬಂದರನ್ನು. ಮಬ್ಬಿನೊಳಗೆ ಕಣ್ಣಿಟ್ಟು ನೋಡಿ: ಹಡಗುಗಳ ಕಂಬಗಳಿವೆ, ಹೊಗೆಕೊಳವೆಗಳಿವೆ, ಕ್ರೇನುಗಳಿವೆ. ನಾವು ಮಂಜೆಂದುಕೊಂಡದ್ದರಲ್ಲಿ ಹೊಗೆಯ ಪಾಲೂ ಇದೆ.

1874ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನಲ್ಲಿ, ಛಾಯಾಗ್ರಾಹಕ ನಾದಾರ್‌ನ ಹಳೆಯ ಸ್ಟುಡಿಯೋದಲ್ಲಿ ಗೆಳೆಯರೆಲ್ಲ ಸೇರಿ ಪ್ರದರ್ಶನ ಏರ್ಪಡಿಸಿದರು. ಕ್ಯಾಟಲಾಗಿಗೆ ಹೆಸರು ಬೇಕಿತ್ತು. ಲೆ ಹಾವ್ರ್‌ನ ನೋಟವೆಂದು ಕರೆದರೆ ಯಾರೂ ಒಪ್ಪಲಾರರು ಅನಿಸಿ ‘ಇಂಪ್ರೆಷನ್’ ಎಂದು ಹಾಕಿಸಿದೆ ಎಂದು ಮೊನೆ ಎಷ್ಟೋ ವರ್ಷಗಳ ಮೇಲೆ ಹೇಳಿಕೊಂಡ. ‘ಲ ಶಾರಿವಾರಿ’ ಎಂಬ ವಿನೋದ ಪತ್ರಿಕೆಯ ಲೂಯಿ ಲೆರೋಯ್‌ಗೆ ಅಷ್ಟೇ ಸಾಕಾಯಿತು. ಅರೆಬರೆ ವಾಲ್‌ಪೇಪರ್ ಕೂಡ ಇದಕ್ಕಿಂತ ಪೂರ್ಣವಾಗಿರುತ್ತದೆ ಎಂದು ನಕ್ಕ, ಇಡೀ ಗುಂಪನ್ನು ‘ಇಂಪ್ರೆಷನಿಸ್ಟರು’ ಎಂದು ಅಣಕಿಸಿದ. ಅಣಕವೇ ಬಿರುದಾಯಿತು. ಚಿತ್ರಕ್ಕೇನೂ ಅದರಿಂದ ಬೆಲೆ ಬರಲಿಲ್ಲ: 800 ಫ್ರಾಂಕ್ ಕೊಟ್ಟು ಕೊಂಡಿದ್ದ ಅರ್ನೆಸ್ಟ್ ಓಶೆದೆ ದಿವಾಳಿಯಾದಾಗ, 1878ರ ಹರಾಜಿನಲ್ಲಿ ಅದು 210 ಫ್ರಾಂಕಿಗೆ ಹೋಯಿತು. ಕೊಂಡವನು ರೊಮೇನಿಯಾ ಮೂಲದ ಹೋಮಿಯೋಪತಿ ವೈದ್ಯ ಜಾರ್ಜ್ ದ ಬೆಲಿಯೊ. ಅವನ ಮಗಳ ಮೂಲಕ 1940ರಲ್ಲಿ ಚಿತ್ರ ಪ್ಯಾರಿಸ್ಸಿನ ಮಾರ್ಮೊತಾಂ ಮ್ಯೂಸಿಯಮ್ಮಿಗೆ ಬಂತು.

ನನಗೆ ಕುತೂಹಲ ಹುಟ್ಟಿಸುವುದು ಈಚಿನ ಸಂಗತಿ. ಅಮೆರಿಕದ ಖಗೋಳವಿಜ್ಞಾನಿ ಡೊನಾಲ್ಡ್ ಓಲ್ಸನ್ ಸೂರ್ಯ ಮೂಡಿದ ದಿಕ್ಕು, ಉಬ್ಬರದ ನೀರಿನ ಮಟ್ಟ, ಅಂದಿನ ಹವಾಮಾನದ ದಾಖಲೆ ಎಲ್ಲ ಜೋಡಿಸಿ ಲೆಕ್ಕ ಹಾಕಿದರು. ಅವರಿಗೆ ಹೆಚ್ಚು ಸಂಭವನೀಯವೆಂದು ಕಂಡ ಗಳಿಗೆ 1872ರ ನವೆಂಬರ್ 13, ಬೆಳಿಗ್ಗೆ ಸುಮಾರು 7.35. ಊರಿನ ನೋಟವೆನಿಸಿಕೊಳ್ಳದು ಎಂದು ಬರೆದವನೇ ಕೈಬಿಟ್ಟಿದ್ದ ಚಿತ್ರ, ಗಡಿಯಾರದ ಹೊತ್ತು ಹೇಳುವಷ್ಟು ಊರನ್ನು ಹಿಡಿದಿಟ್ಟಿತ್ತು.

ಹೋಗಿ ಹೋಲಿಸಿ ನೋಡೋಣವೆಂದರೆ ಆ ಹಳೆಯ ದಂಡೆ ಈಗಿಲ್ಲ. 1944ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ವಿಮಾನಗಳ ಬಾಂಬಿಗೆ ನಗರದ ನಡುಭಾಗವೆಲ್ಲ ನೆಲಸಮವಾಯಿತು. ಮೊನೆ ನಿಂತಿದ್ದ ಕಿಟಕಿಯ ಜಾಗವನ್ನು ಹಳೆಯ ನಕ್ಷೆ, ಫೋಟೊಗಳಲ್ಲೇ ಹುಡುಕಬೇಕಾಯಿತು.