ದೂರು ಹೊತ್ತ ಆಟ

ಇವತ್ತು ಬೋರ್ಡೇ ಇಲ್ಲದ ಒಂದು ಆಟದ ಕಥೆ. ಬೇಕಾಗಿರೋದು ಟೇಬಲ್, ಪೆನ್ಸಿಲ್, ಕಾಗದ, ದಾಳ ಅಷ್ಟೇ. ಒಬ್ಬರು ಹೇಳ್ತಾರೆ: "ಗುಹೆಯೊಳಗೆ ಕತ್ತಲು. ಏನ್ ಮಾಡ್ತೀಯ?" ನೀವು ಹೇಳಿದ ಹಾಗೆ ಕಥೆ ಮುಂದೆ ಹೋಗುತ್ತೆ. ಗೆದ್ರಾ, ಸೋತ್ರಾ ಅನ್ನೋದು ದಾಳದ ಕೈಲಿ.

1969ರಲ್ಲಿ ಅಮೆರಿಕದ ಡೇವಿಡ್ ವೆಸ್ಲಿ ಯುದ್ಧದ ಆಟ ಆಡಿಸುವಾಗ ಸೈನ್ಯದ ಬದಲು ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟರು. ಆಟ ಕೆಟ್ಟೋಯ್ತು ಅಂದ್ಕೊಂಡರು. ಆಡಿದವರು ಮಾತ್ರ ಇನ್ನೊಮ್ಮೆ ಆಡಿಸಿ ಅಂದರು! ಅವರಲ್ಲೊಬ್ಬರು ಡೇವ್ ಆರ್ನೆಸನ್. ಅವರೂ ಗ್ಯಾರಿ ಗೈಗ್ಯಾಕ್ಸೂ ಸೇರಿ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ತಂದರು. ಮೊದಲ ಮುದ್ರಣ ಬರೀ 1,000 ಪ್ರತಿ.

1979ರಲ್ಲಿ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ 16 ವರ್ಷದ ವಿದ್ಯಾರ್ಥಿಯೊಬ್ಬ ಕಾಣೆಯಾದ. ಆಟವನ್ನೇ ನಿಜ ಅಂತ ನಂಬಿ ಕ್ಯಾಂಪಸ್ ಕೆಳಗಿನ ಸುರಂಗದಲ್ಲಿ ಕಳೆದುಹೋಗಿರಬಹುದು ಅಂತ ಒಬ್ಬ ಖಾಸಗಿ ಪತ್ತೇದಾರ ಅನುಮಾನಪಟ್ಟರು. ಪತ್ರಿಕೆಗಳಿಗೆ ಇನ್ನೇನು ಬೇಕು? ಸುಮಾರು ತಿಂಗಳಾದ ಮೇಲೆ ಹುಡುಗ ಬೇರೆ ರಾಜ್ಯದಲ್ಲಿ ಜೀವಂತ ಸಿಕ್ಕ. ಅವನು ಸುರಂಗಕ್ಕೆ ಇಳಿದಿದ್ದು ಆಡೋಕಲ್ಲ, ಬದುಕು ಸಾಕಾಗಿ. ಖಿನ್ನತೆ, ಒಂಟಿತನ, ಓದಿನ ಒತ್ತಡ ಅವನನ್ನ ಹಿಂಡಿದ್ದವು. ಮರುವರ್ಷ ಅವನು ಉಳಿಯಲಿಲ್ಲ.

ಆದರೂ 1980ರ ದಶಕದುದ್ದಕ್ಕೂ ಆಟದ ಮೇಲೇ ದೂರು. ಆ ಗಲಾಟೆಯಿಂದಲೇ ಆಟ ಇನ್ನಷ್ಟು ಮಾರಾಟವಾಯ್ತು ಅನ್ನೋದು ಬೇರೆ ಮಾತು.

ಕಲ್ಪನೆ ಎಲ್ಲಿ ನಿಜವಾಗಿಬಿಡುತ್ತೋ ಅಂತ ಊರೆಲ್ಲ ಹೆದರಿತು. ಹುಡುಗನ ನಿಜವಾದ ನೋವು ಯಾರಿಗೂ ಸುದ್ದಿಯಾಗಲಿಲ್ಲ. ನಿಮ್ಮ ಗುಂಪಲ್ಲೂ ಯಾರಾದ್ರೂ ಇತ್ತೀಚೆಗೆ ತೀರಾ ಸುಮ್ಮನಾಗಿದ್ರೆ, ಇವತ್ತೇ ಒಂದು ಕಾಲ್ ಮಾಡಿ ಮಾತಾಡಿಸಿ.