ತೇರಿನ ಬೀದಿಯೇ ಪೇಟೆಬೀದಿ

ಹಂಪಿಯ ವಿರೂಪಾಕ್ಷ ಗುಡಿಯ ಗೋಪುರದಿಂದ ಪೂರ್ವಕ್ಕೆ, ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ನೇರ ಬೀದಿಯಿದೆ. ಇಕ್ಕೆಲಗಳಲ್ಲಿ ಕಲ್ಲುಕಂಬದ ಸಾಲುಮಂಟಪಗಳು. ತೇರು ಸಾಗುವುದೂ ಇಲ್ಲೇ, ಬಜಾರು ನೆರೆಯುತ್ತಿದ್ದುದೂ ಇಲ್ಲೇ.

ಇದು ಕಾಕತಾಳೀಯವಲ್ಲ. ತೇರೆಳೆಯಲು ಅಗಲವಾದ, ತಿರುವಿಲ್ಲದ ದಾರಿ ಬೇಕು. ತೇರು ಹೊರಡುವುದು ವರ್ಷಕ್ಕೆ ಕೆಲವೇ ದಿನ. ಉಳಿದ ದಿನ ಆ ಅಗಲವೆಲ್ಲ ಗಾಡಿಗೂ ಅಂಗಡಿಗೂ ಒದಗುತ್ತದೆ. ಜಾತ್ರೆಗೆ ಬಂದವರಿಗೆ ಊಟ, ಬಟ್ಟೆ, ಬಳೆ ಬೇಕು. ಗುಡಿಗೆ ನಿತ್ಯವೂ ದೀಪದೆಣ್ಣೆ, ಹೂವು, ಕರ್ಪೂರ, ನೈವೇದ್ಯದ ಅಕ್ಕಿ ಬೇಕು. ಹಾಗಾಗಿ ಪೇಟೆಗೆ ದೇವರೂ ಒಬ್ಬ ಖಾಯಂ ಗಿರಾಕಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ಬೀದಿಯ ಕಂಬಸಾಲುಗಳಲ್ಲಿ ಯಾತ್ರಿಕರು ತಂಗುವುದನ್ನು ದಾಖಲಿಸಿದ್ದಾನೆ.

ವಿಜಯನಗರದ ಅರಸರು ಈ ನಂಟನ್ನು ಚೆನ್ನಾಗಿ ಅರಿತಿದ್ದರು. ಉದಯಗಿರಿಯ ಗೆಲುವಿನ ನಂತರ ಕೃಷ್ಣದೇವರಾಯ ಕಟ್ಟಿಸಿದ ಕೃಷ್ಣ ದೇವಾಲಯದ ಮುಂದೆ ಒಂದು ಬಜಾರು, ವಿಠ್ಠಲನ ಮುಂದೆ ಇನ್ನೊಂದು, ಅಚ್ಯುತರಾಯನ ಕಾಲದ ಗುಡಿಯ ಮುಂದೆ ಮತ್ತೊಂದು. ಹೊಸ ಗುಡಿ ಎಂದರೆ ಹೊಸ ಪೇಟೆ.

1565ರ ತಾಳಿಕೋಟೆ ಯುದ್ಧ ಈ ನಂಟನ್ನು ಪರೀಕ್ಷೆಗೆ ಒಡ್ಡಿತು. ರಾಜಧಾನಿ ಹಾಳಾಯಿತು. ವಿಠ್ಠಲ, ಕೃಷ್ಣ, ಅಚ್ಯುತರಾಯ ಗುಡಿಗಳಲ್ಲಿ ಪೂಜೆ ನಿಂತುಹೋಯಿತು. ಅವುಗಳ ಬಜಾರುಗಳಲ್ಲಿ ಇಂದು ಉಳಿದಿರುವುದು ಬರೀ ಕಂಬಗಳು. ಆದರೆ ಸಾಮ್ರಾಜ್ಯಕ್ಕಿಂತ ಹಳೆಯದಾದ ಪಂಪಾಕ್ಷೇತ್ರದ ಭಕ್ತಿಗೆ ಅರಸರ ಆಸರೆ ಬೇಕಿರಲಿಲ್ಲ. ವಿರೂಪಾಕ್ಷನಿಗೆ ಪೂಜೆ ಮುಂದುವರಿಯಿತು, ಚೈತ್ರದ ತೇರು ಇಂದಿಗೂ ಹೊರಡುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಇದೇ ಬೀದಿಯ ಮಂಟಪಗಳಲ್ಲಿ ಮತ್ತೆ ಅಂಗಡಿ, ಹೋಟೆಲು, ಮನೆಗಳು ತುಂಬಿಕೊಂಡವು.

2011ರ ಜುಲೈನಲ್ಲಿ ಸರ್ಕಾರ ಅವನ್ನೆಲ್ಲ ತೆರವುಗೊಳಿಸಿತು. ಹಳೆಯ ಕಂಬಗಳ ನಡುವೆ ಗೋಡೆ ಎಬ್ಬಿಸಿದ್ದು, ಗಾರೆ ಬಳಿದದ್ದು ಸ್ಮಾರಕಕ್ಕೆ ಧಕ್ಕೆ ತಂದಿತ್ತೆಂಬುದು ನಿಜ. ಆ ಕಟ್ಟಡಗಳನ್ನು ನಿಯಂತ್ರಿಸಲೇಬೇಕಿತ್ತು. ಆದರೆ ಕಲ್ಲನ್ನು ಕಾಪಾಡುವುದು ಬೇರೆ, ವ್ಯಾಪಾರವೇ ಇಲ್ಲಿಗೆ ಹೊರಗಿನದು ಎಂದು ಭಾವಿಸುವುದು ಬೇರೆ. ಈ ಮಂಟಪಗಳಿದ್ದದ್ದೇ ಜನ ತಂಗಲು, ಕೊಳ್ಳಲು, ಮಾರಲು. ಅಂಗಡಿಯವರೂ ಯಾತ್ರಿಕರೂ ಇಲ್ಲದ ಬಜಾರು ಹೇಗಿರುತ್ತದೆ ಎಂದು ತಿಳಿಯಬೇಕಾದರೆ ವಿಠ್ಠಲನ ಬೀದಿಯಲ್ಲಿ ಒಮ್ಮೆ ನಡೆದು ಬಂದರೆ ಸಾಕು.